ಪದ ಪರಿಚಯ: ಪರ್ಫಾರ್ಮೆನ್ಸ್ ಮಾಡೆಲ್

ಮಂಡ್ಯ ಕಡೆಯ ಯಾವುದಾದರೂ ಹಳ್ಳಿಯಲ್ಲಿ ಬೆಳಗ್ಗೆ ಆರೂವರೆಗೆ ಡೇರಿ ಮುಂದೆ ನಿಂತು ನೋಡಿ. ಹಾಲು ಹಾಕುವವರ ಸಾಲು. ಮೊದಲು ತೂಕ, ಆಮೇಲೆ ಒಂಚೂರು ಹಾಲು ಫ್ಯಾಟ್ ನೋಡುವ ಮೆಷಿನ್‌ಗೆ, ಲೆಕ್ಕ ಕಂಪ್ಯೂಟರಿಗೆ, ಕೊನೆಗೆ ಚೀಟಿ ಕೈಗೆ. ಯಾರಿಂದ ಯಾರಿಗೆ, ಯಾವುದಾದ ಮೇಲೆ ಯಾವುದು ಅಂತ ಇದನ್ನೇ ಹಾಳೆ ಮೇಲೆ ಬಾಣ ಹಾಕಿ ಬರೆದರೆ ಸಾಫ್ಟ್‌ವೇರಿನವರು ಸೀಕ್ವೆನ್ಸ್ ಡಯಾಗ್ರಾಮ್ ಅನ್ನುತ್ತಾರೆ.

ಆ ಚಿತ್ರದಲ್ಲಿ ಕೆಲಸದ ದಾರಿ ಇದೆ, ಹಿಡಿಯುವ ಹೊತ್ತು ಇಲ್ಲ. ಪ್ರತಿ ಬಾಣದ ಪಕ್ಕ ಹೊತ್ತು ಬರೆದು, ಎಷ್ಟು ಜನ ಬರುತ್ತಾರೆ ಅನ್ನುವುದನ್ನೂ ಸೇರಿಸಿ, ಇಡೀ ಚಿತ್ರವನ್ನು ಕ್ಯೂ ಲೆಕ್ಕಕ್ಕೆ, ಅಂದರೆ ಸಾಲಿನಲ್ಲಿ ಎಷ್ಟು ಹೊತ್ತು ಕಾಯಬೇಕು ಅನ್ನುವ ಗಣಿತಕ್ಕೆ, ತಿರುಗಿಸಿದರೆ ಸಿಗುವುದೇ ಪರ್ಫಾರ್ಮೆನ್ಸ್ ಮಾಡೆಲ್. ಅದೂ ಒಂದು ಸಾಲು ಕೋಡ್ ಬರೆಯುವ ಮೊದಲೇ!

ಲೆಕ್ಕ ಹಾಕಿಯೇ ನೋಡೋಣ. ಒಬ್ಬರದು ಮುಗಿಯಲು ಸರಾಸರಿ 15 ಸೆಕೆಂಡ್, ನಿಮಿಷಕ್ಕೆ 3 ಜನ ಅಂತಿಟ್ಟುಕೊಳ್ಳಿ. 60ರಲ್ಲಿ 45 ಸೆಕೆಂಡ್ ಕೆಲಸ, ಕಾಲು ಭಾಗ ಬಿಡುವು. ಜನ ಗಡಿಯಾರ ನೋಡಿಕೊಂಡು ಬರುವುದಿಲ್ಲ ಅಲ್ವಾ? ಒಮ್ಮೆ ನಾಲ್ವರು ಒಟ್ಟಿಗೆ, ಒಮ್ಮೆ ಯಾರೂ ಇಲ್ಲ. ಅದಕ್ಕೇ ಕ್ಯೂ ಲೆಕ್ಕದ ಅತಿ ಸರಳ ಸೂತ್ರದಲ್ಲಿ 15ನ್ನು ಬಿಡುವಿನ ಪಾಲಾದ 0.25ರಿಂದ ಭಾಗಿಸುತ್ತಾರೆ. 60 ಸೆಕೆಂಡ್ ಬಂತು. ಬಂದವರು ಸರಾಸರಿ ಒಂದು ನಿಮಿಷದಲ್ಲಿ ಚೀಟಿ ಹಿಡಿದು ಮನೆಗೆ.

ಈಗ ಎಲ್ಲರಿಗೂ ಎಸ್‌ಎಂಎಸ್ ಹೋಗಲಿ ಅಂತ ಒಂದು ಬಾಣ ಸೇರಿಸಿ. ಬರೀ 3 ಸೆಕೆಂಡ್, ಆದರೆ ಅದು ಹೋಗುವ ತನಕ ಮುಂದಿನವರು ಕಾಯಬೇಕು. 18 ಸೆಕೆಂಡಾಯಿತು, ಬಿಡುವು 0.1ಕ್ಕೆ ಇಳಿಯಿತು. ಭಾಗಿಸಿದರೆ 180 ಸೆಕೆಂಡ್. ಮೂರು ಪಟ್ಟು! ಚಿತ್ರದಲ್ಲೇ ಆ ಬಾಣ ಅಳಿಸಿ, ಎಸ್‌ಎಂಎಸ್ ಹಿಂದಿನಿಂದ ತನ್ನ ಪಾಡಿಗೆ ಹೋಗಲಿ ಅಂತ ಬರೆದರೆ ಮತ್ತೆ ಒಂದೇ ನಿಮಿಷ. ಊರೂರಿಗೆ ಸಾಫ್ಟ್‌ವೇರ್ ಹಾಕಿಸಿದ ಮೇಲೆ ಇದೇ ತಿದ್ದುಪಡಿಗೆ ಎಷ್ಟು ಓಡಾಟ, ಯೋಚಿಸಿ.

'ಆಮೇಲೆ ಸರಿ ಮಾಡಿದರಾಯ್ತು' ಅನ್ನುವ ಈ ಅಭ್ಯಾಸದ ವಿರುದ್ಧ ಅಮೆರಿಕದ ಸಾಫ್ಟ್‌ವೇರ್ ತಜ್ಞೆ ಕಾನೀ ಸ್ಮಿತ್ 1980ರ ದಶಕದಿಂದಲೇ ಬರೆದರು. ಚಿತ್ರದ ಮೇಲೆ ಹೊತ್ತನ್ನು ಎಲ್ಲರೂ ಒಂದೇ ರೀತಿ ಗುರುತಿಸಲಿ ಅಂತ ಸಾಫ್ಟ್‌ವೇರ್ ಮಾನದಂಡ ರೂಪಿಸುವ ಒಎಂಜಿ ಸಂಸ್ಥೆ 2009ರಲ್ಲಿ ಮಾರ್ಟೆ ಎಂಬ ಪದ್ಧತಿ ಹೊರತಂದಿತು.

ಅಂಕಿ ಎಲ್ಲಿಂದ ತರುವುದು? ವಾಚ್ ಹಿಡಿದು ಒಂದು ಬೆಳಗ್ಗೆ ಡೇರಿಯಲ್ಲಿ ನಿಂತರೆ ತೂಕದ ಹೊತ್ತು ಸಿಗುತ್ತದೆ. ಇನ್ನೂ ಬರೆಯದ ಭಾಗಕ್ಕೆ ಅಂದಾಜೇ ಗತಿ: ಕಡಿಮೆ ಅಂದರೆ ಎಷ್ಟು, ಜಾಸ್ತಿ ಅಂದರೆ ಎಷ್ಟು. ಜಾಸ್ತಿ ಹಾಕಿದಾಗಲೂ ಸಾಲು ಬೆಳೆಯದಿದ್ದರೆ ಕೋಡ್ ಶುರು ಮಾಡಬಹುದು.