ಐದನೇ ತರಗತಿಯ ಪ್ರಾಜೆಕ್ಟ್: ಚುರುಕಾದ ಮಗುವಿನಿಂದ ಎಷ್ಟು ನಿರೀಕ್ಷಿಸಬೇಕು?

ಪ್ರಶ್ನೆ: ಮಗಳು ಐದನೇ ತರಗತಿ, ಓದಿನಲ್ಲಿ ತುಂಬ ಮುಂದೆ. ಶಾಲೆಯಲ್ಲಿ ‘ರಂಗನತಿಟ್ಟು’ ಬಗ್ಗೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಗೂಗಲ್‌ನಲ್ಲಿ ಸಿಕ್ಕಿದ್ದನ್ನೆಲ್ಲ ದುಂಡಗೆ ಬರೆದು ಹನ್ನೆರಡು ಪುಟ ತುಂಬಿಸಿದ್ದಾಳೆ. ಇಷ್ಟು ಸಾಕೇ, ಇನ್ನೂ ಬರೆಸಬೇಕೇ?

ಉತ್ತರ: ಇನ್ನಷ್ಟು ಪುಟಗಳನ್ನಂತೂ ಕೇಳಬೇಡಿ. ಎರಡೇ ಪುಟವಿರಲಿ, ಆದರೆ ಎರಡೂ ಅವಳ ಮಾತಿನಲ್ಲಿರಲಿ. ಓದಿನಲ್ಲಿ ಮುಂದಿರುವ ಮಗುವಿಗೆ ಬರವಣಿಗೆಯ ಹೊರೆ ಹೆಚ್ಚಿಸುವುದು ನಮ್ಮಲ್ಲಿ ರೂಢಿ. ಅಂಥ ಮಗುವಿಗೆ ಬೇಕಾದದ್ದು ತಲೆ ಕೆಡಿಸುವಂಥ ಒಂದು ಒಳ್ಳೆಯ ಪ್ರಶ್ನೆ.

‘ರಂಗನತಿಟ್ಟು’ ಬರೀ ವಿಷಯ. ಶ್ರೀರಂಗಪಟ್ಟಣದ ಹತ್ತಿರ ಇದೆ, ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು ಎಂಬುದೆಲ್ಲ ಒಂದು ಪ್ಯಾರಾದಲ್ಲಿ ಮುಗಿಯುತ್ತದೆ. ಬದಲಿಗೆ, ‘ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ಅಲ್ಲಿನ ಗೂಡುಗಳಿಗೆ ಏನಾಗುತ್ತದೆ?’ ಎಂದು ಕೇಳಿಕೊಳ್ಳಲಿ. ಆಗ ನಕ್ಷೆ ತೆಗೆದು ಅಣೆಕಟ್ಟು ಎಲ್ಲಿದೆ ಎಂದು ನೋಡಬೇಕು. ಯಾವ ಹಕ್ಕಿ ಯಾವ ತಿಂಗಳಲ್ಲಿ ಗೂಡು ಕಟ್ಟುತ್ತದೆ ಎಂದು ಹುಡುಕಬೇಕು. ನಡುಗಡ್ಡೆಗಳು ಮುಳುಗಿ ದೋಣಿ ವಿಹಾರ ನಿಲ್ಲಿಸಿದಾಗಿನ ಪತ್ರಿಕೆ ಸುದ್ದಿಗಳನ್ನು ಓದಬೇಕು. ಇದೆಲ್ಲ ಒಂದೇ ಕಡೆ ಸಿದ್ಧವಾಗಿ ಸಿಗುವುದು ಕಷ್ಟ, ಹಾಗಾಗಿ ನಕಲಿಗೆ ಜಾಗವೂ ಕಡಿಮೆ.

ಒಂದೇ ವಿಷಯವನ್ನು ಎರಡು ಮೂರು ಕಡೆ ಓದಿ ತಾಳೆ ನೋಡುವುದನ್ನು ಈ ವಯಸ್ಸಿನಲ್ಲೇ ಕಲಿಸಬಹುದು. 2022ರಲ್ಲಿ ರಂಗನತಿಟ್ಟು ರಾಮ್ಸರ್ ಪಟ್ಟಿಗೆ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದಾಗ ಅದು ಕರ್ನಾಟಕದ ಏಕೈಕ ರಾಮ್ಸರ್ ತಾಣ. 2024ರಲ್ಲಿ ಅಂಕಸಮುದ್ರ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ಕೂಡ ಸೇರಿದವು. 2023ರ ಲೇಖನ ಓದಿದ ಮಗು ‘ಏಕೈಕ’ ಎಂದೇ ಬರೆಯುತ್ತದೆ. ಬರೆದವರು ಸುಳ್ಳು ಹೇಳಿಲ್ಲ, ಕಾಲ ಮುಂದೆ ಹೋಗಿದೆ ಅಷ್ಟೆ. ‘ಇದನ್ನು ಯಾವಾಗ ಬರೆದದ್ದು?’ ಎಂದು ಕೇಳುವ ಅಭ್ಯಾಸ ಬಂದರೆ ನನ್ನ ಪ್ರಕಾರ ಅರ್ಧ ಸಂಶೋಧನೆ ಕಲಿತಂತೆ.

ಬರೆಯುವಾಗ ಒಂದು ಪ್ಯಾರಾ ಓದಿ, ಪುಸ್ತಕ ಮುಚ್ಚಿ, ನಿಮಗೆ ಬಾಯಲ್ಲಿ ಹೇಳಲಿ. ಆಮೇಲೆ ಬರೆಯಲಿ. ‘ಪ್ರವಾಹವು ಸಂತಾನೋತ್ಪತ್ತಿಗೆ ಅಡಚಣೆಯನ್ನುಂಟುಮಾಡುತ್ತದೆ’ ಎಂದು ಬರೆದಿದ್ದರೆ ಅದು ಎಲ್ಲಿಂದಲೋ ಎತ್ತಿದ್ದಿರಬಹುದು. ‘ನೀರು ಏರಿದರೆ ಕೆಳಗಿನ ಕೊಂಬೆಯ ಗೂಡು, ಮೊಟ್ಟೆ ಎಲ್ಲ ಕೊಚ್ಚಿಹೋಗುತ್ತವೆ’ ಎಂದಿದ್ದರೆ ಅವಳಿಗೆ ಅರ್ಥವಾಗಿದೆ. ಒಂದೆರಡು ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ, ಕೊನೆಗೆ ತಿದ್ದಿದರಾಯಿತು.

ಎಲ್ಲಿ ಓದಿದ್ದು ಎಂಬುದನ್ನೂ ಬರೆಯಲಿ: ಪುಸ್ತಕದ ಹೆಸರು, ಲೇಖಕರು, ಇಸವಿ. ದೋಣಿ ನಡೆಸುವವರನ್ನು ಕೇಳಿ ತಿಳಿದಿದ್ದರೆ ಅದನ್ನೂ ಹಾಗೆಯೇ ಬರೆಯಲಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಥರ್ಮಾಕೋಲ್ ಮಾದರಿಗೆ, ಅಂಗಡಿಯ ಚಾರ್ಟಿಗೆ ದುಡ್ಡು ಸುರಿಯುವುದು ಬೇಡ.

ಶಿಕ್ಷಕರು ಪುಟ ಎಣಿಸಿ ಅಂಕ ಕೊಡುವವರಾದರೆ ಮೊದಲೇ ಹೋಗಿ ಮಾತಾಡಿ. ಅವಳ ಪ್ರಶ್ನೆಯನ್ನೂ ಓದಿದವುಗಳ ಪಟ್ಟಿಯನ್ನೂ ಮೊದಲ ಪುಟದಲ್ಲೇ ತೋರಿಸಿದರೆ ಒಪ್ಪಿಸುವುದು ಸುಲಭ.