ಪೈಪಿಗೆ ಗರಗಸ ಹಾಕಿದ ಮೇಲೆ

ಒಂದು ಅಡಿ ಉದ್ದದ ಪಿವಿಸಿ ಕೊಳವೆಗೆ ಎನಾಮಲ್ ತಂತಿಯನ್ನು ಒತ್ತೊತ್ತಾಗಿ ಸುತ್ತಿ, ಬೇಕಾದ ಆವರ್ತನದ ಎಸಿ ಕೊಡುವ ಸಿಗ್ನಲ್ ಜನರೇಟರಿಗೆ ಜೋಡಿಸಿ. ಅದರ ನಡುಮಧ್ಯಕ್ಕೆ ಹೆಬ್ಬೆರಳಿನಷ್ಟು ಪುಟ್ಟ ಕಾಯಿಲ್ ಇಳಿಬಿಟ್ಟು, ತುದಿಗಳನ್ನು ಅಲೆಯನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪಿಗೆ ಕೊಡಿ. ಇವೆರಡರ ನಡುವೆ ಅಲ್ಯೂಮಿನಿಯಂ ಪೈಪನ್ನು ತೂರಿಸುವುದು, ತೆಗೆಯುವುದು. ಬದಲಾಗುವ ಕಾಂತಕ್ಷೇತ್ರವನ್ನು ಲೋಹ ಎಷ್ಟು ತಡೆಯುತ್ತದೆ ಎಂದು ನೋಡುವ ಪ್ರಯೋಗ ಇಷ್ಟೇ. ಪೈಪು 40 ಮಿ.ಮೀ. ವ್ಯಾಸದ್ದು, ಗೋಡೆ 1 ಮಿ.ಮೀ. ದಪ್ಪ ಅಂದುಕೊಳ್ಳಿ.

50 ಹರ್ಟ್ಸ್‌ನಲ್ಲಿ ಪೈಪು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಲೆ ಶೇಕಡಾ ಒಂದರಷ್ಟು ತಗ್ಗಿದರೆ ಹೆಚ್ಚು. 5 ಕಿಲೋಹರ್ಟ್ಸ್‌ಗೆ ಏರಿಸಿ ನೋಡಿ. ಪೈಪು ಒಳಗಿಳಿದಂತೆ ಅಲೆ ಕುಗ್ಗಿ ಕುಗ್ಗಿ, ಮೊದಲಿನ ಹದಿನೈದರಲ್ಲೊಂದು ಪಾಲಿಗೆ ಬಂದು ನಿಲ್ಲುತ್ತದೆ. ಸಾಲದೆಂಬಂತೆ ಕಾಲು ಆವರ್ತಕ್ಕಿಂತ ತುಸು ಹೆಚ್ಚೇ ಹಿಂದೆ ಬಿದ್ದಿರುತ್ತದೆ.

ಬದಲಾಗುವ ಕಾಂತಕ್ಷೇತ್ರ ಲೋಹದಲ್ಲಿ ಸುಳಿ ಕರೆಂಟು ಎಬ್ಬಿಸುತ್ತದೆ. ಆ ಕರೆಂಟು ತನ್ನನ್ನು ಹುಟ್ಟಿಸಿದ ಕ್ಷೇತ್ರಕ್ಕೇ ಅಡ್ಡ ನಿಲ್ಲುತ್ತದೆ. ತಂತಿಯೊಳಗೂ ಇದೇ ಜಗಳ, ಅದಕ್ಕೇ ಎಸಿ ಕರೆಂಟು ಹೊರಮೈಗೆ ಸರಿಯುತ್ತದೆ. ಇದೇ ಸ್ಕಿನ್ ಎಫೆಕ್ಟ್. ಗೋಳಾಕಾರದ ಲೋಹಕ್ಕೆ ಇದರ ಲೆಕ್ಕವನ್ನು 1883ರಲ್ಲಿ ಗಣಿತಜ್ಞ ಹೊರೇಸ್ ಲ್ಯಾಂಬ್ ಮಾಡಿದರು. ಯಾವ ಆಕಾರಕ್ಕೂ ಹೊಂದುವಂತೆ 1885ರಲ್ಲಿ ಭೌತವಿಜ್ಞಾನಿ ಆಲಿವರ್ ಹೆವಿಸೈಡ್ ವಿಸ್ತರಿಸಿದರು. ಕ್ಷೇತ್ರ ಹೊರಮೈಯಲ್ಲಿದ್ದುದರ ಶೇಕಡಾ 37ಕ್ಕೆ ಇಳಿಯುವ ಆಳವೇ ಸ್ಕಿನ್ ಡೆಪ್ತ್. ತಾಮ್ರದಲ್ಲಿ ಅದು 50 ಹರ್ಟ್ಸ್‌ಗೆ 9 ಮಿ.ಮೀ., 1 ಮೆಗಾಹರ್ಟ್ಸ್‌ಗೆ ಬರೀ 0.07 ಮಿ.ಮೀ. ಇಂಡಕ್ಷನ್ ಒಲೆಯ ಕಾಯಿಲನ್ನು ಕೂದಲೆಳೆಯಂಥ ಎಳೆಗಳಿಂದ ಹೊಸೆಯುವುದು ಸುಮ್ಮನೆ ಅಲ್ಲ.

ಆದರೆ ನಮ್ಮ ಪೈಪಿನ ಲೆಕ್ಕ ಇನ್ನೂ ಕೂಡಿಬಂದಿಲ್ಲ. 5 ಕಿಲೋಹರ್ಟ್ಸ್‌ಗೆ ಅಲ್ಯೂಮಿನಿಯಂನ ಸ್ಕಿನ್ ಡೆಪ್ತ್ ಸುಮಾರು 1.2 ಮಿ.ಮೀ. ಗೋಡೆ ಅದಕ್ಕಿಂತ ತೆಳು. ಬರೀ ಆಳದ ಸೂತ್ರ ಹಾಕಿದರೆ ಶೇಕಡಾ 40ರಷ್ಟಾದರೂ ಉಳಿಯಬೇಕಿತ್ತು, ಉಳಿದದ್ದು ಏಳು. ನನ್ನ ಕಣ್ಣಿಗೆ ಪ್ರಯೋಗದ ಸ್ವಾರಸ್ಯ ಇರುವುದೇ ಇಲ್ಲಿ. ಲ್ಯಾಬ್ ರೆಕಾರ್ಡಿನಲ್ಲಿ ಗ್ರಾಫ್ ಅಂಟಿಸಿ ಸಹಿ ಹಾಕಿಸಿಕೊಂಡವರಿಗೆ ಇದು ತಪ್ಪಿಹೋಗುತ್ತದೆ.

ಉತ್ತರ ಗರಗಸದಲ್ಲಿದೆ. ಪೈಪನ್ನು ತುದಿಯಿಂದ ತುದಿಗೆ ಉದ್ದಕ್ಕೆ ಸೀಳಿ, ಮತ್ತೆ ತೂರಿಸಿ. ಅಲೆ ಹೆಚ್ಚುಕಡಿಮೆ ಪೂರ್ತಿ ಮರಳಿ ಬರುತ್ತದೆ! ಲೋಹವೂ ಅದೇ, ದಪ್ಪವೂ ಅದೇ. ಪೈಪಿನ ಸುತ್ತ ಬಳೆಯಂತೆ ಹರಿಯುತ್ತಿದ್ದ ಕರೆಂಟೇ ಒಳಗಿನ ಟೊಳ್ಳನ್ನು ಕಾಯುತ್ತಿತ್ತು. ಈಗ ಅದು ಸೀಳಿನ ಅಂಚಿಗೆ ಬಂದು, ಒಳಮೈ ಹಿಡಿದು ವಾಪಸಾಗಬೇಕು. ಗೋಡೆಯ ದಪ್ಪದೊಳಗೆ ಸ್ಕಿನ್ ಎಫೆಕ್ಟ್ ಹಾಗೆಯೇ ಇದೆ, ಟೊಳ್ಳಿಗೆ ಮಾತ್ರ ಕಾವಲಿಲ್ಲ.

ಅಲೆ ಮರಳದಿದ್ದರೆ ಸೀಳಿನಲ್ಲಿ ಲೋಹದ ಚೂರು ಸಿಕ್ಕಿಕೊಂಡಿದೆಯೇ ನೋಡಿ. ಅರ ಹಾಕಿ ಉಜ್ಜಿ, ನಡುವೆ ಒಂದು ಕಾಗದದ ಪಟ್ಟಿ ಸೇರಿಸಿ.