ಅಮ್ಮನ ಕಾಯಿಲೆಗೆ ಮಗನನ್ನು ದುಭಾಷಿ ಮಾಡಬೇಡಿ

ಯುಗಾದಿ ಊಟದ ದಿನ ಒಬ್ಬರು ನನ್ನನ್ನು ಹಿಡಿದುಕೊಂಡರು. ಅಮೆರಿಕದ ಈ ಮಿನಿಯಾಪೊಲಿಸ್ ಊರಿಗೆ ಬಂದು ಇಪ್ಪತ್ತು ವರ್ಷವಾದ ಕನ್ನಡಿಗರು, ಒಳ್ಳೆಯ ಮನಸ್ಸಿನವರು. ನಾನು ಸೊಮಾಲಿ ಹೆಂಗಸರಿಗೆ ಸಂಜೆ ಹೊತ್ತು ಇಂಗ್ಲಿಷ್ ಕಲಿಸುತ್ತೇನೆ ಅಂತ ಅವರಿಗೆ ಗೊತ್ತು. "ಅವರ ಮಕ್ಕಳು ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡ್ತಾರೆ ಮೇಡಂ! ಅಮ್ಮಂದಿರಿಗೆ ಮಕ್ಕಳೇ ಹೇಳ್ತಾರಲ್ಲ, ಇನ್ನೇನು ತೊಂದರೆ?" ಎಂದರು. ಹೋಳಿಗೆ ಗಂಟಲಲ್ಲೇ ನಿಂತಿತು.

ಹನ್ನೊಂದು ವರ್ಷದಿಂದ ಇದೇ ಮಾತು. ಶಾಲೆಯವರು ಹೇಳುತ್ತಾರೆ, ಕ್ಲಿನಿಕ್ಕಿನವರು ಹೇಳುತ್ತಾರೆ, ಬಾಡಿಗೆ ಆಫೀಸಿನವರೂ ಹೇಳುತ್ತಾರೆ.

ಹಿನ್ನೆಲೆ ಹೆಚ್ಚು ಬೇಡ. 1991ರಲ್ಲಿ ಸಿಯಾದ್ ಬರ್ರೆ ಸರ್ಕಾರ ಬಿದ್ದು ಸೊಮಾಲಿಯಾ ಛಿದ್ರವಾಯಿತು. ಬಹಳ ಮಂದಿ ಕೀನ್ಯಾದ ದಾದಾಬ್‌ನಂಥ ನಿರಾಶ್ರಿತರ ಶಿಬಿರಗಳಲ್ಲಿ ವರ್ಷಗಟ್ಟಲೆ ಕಳೆದು ಇಲ್ಲಿಗೆ ಬಂದರು. ಅಮೆರಿಕದಲ್ಲಿ ಸೊಮಾಲಿಗಳು ಅತಿ ಹೆಚ್ಚಾಗಿ ಇರುವುದು ನಮ್ಮ ಮಿನೆಸೋಟ ರಾಜ್ಯದಲ್ಲೇ. ನಮ್ಮೂರಿನ ಸೀಡರ್-ರಿವರ್‌ಸೈಡ್ ಬಡಾವಣೆಯಲ್ಲಿ ಬಣ್ಣಬಣ್ಣದ ಹಲಗೆಗಳ ಎತ್ತರದ ಕಟ್ಟಡಗಳಿವೆಯಲ್ಲ, ನನ್ನ ತರಗತಿಯ ಅರ್ಧ ಹೆಂಗಸರು ಅಲ್ಲಿಂದಲೇ ಬರುತ್ತಾರೆ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ವಿದ್ಯಾರ್ಥಿನಿಯೊಬ್ಬರು ಒಮ್ಮೆ ಡಾಕ್ಟರ ಹತ್ತಿರ ಹೋಗಿದ್ದರು. ಜೊತೆಗೆ ಹನ್ನೊಂದು ವರ್ಷದ ಮಗ. ಡಾಕ್ಟರು ಮಾಮೂಲಿ ಪ್ರಶ್ನೆ ಕೇಳಿದರು: ಡಿಪ್ರೆಷನ್ ಏನಾದರೂ ಇದೆಯಾ? ಹುಡುಗನಿಗೆ ಆ ಪದಕ್ಕೆ ಸೊಮಾಲಿಯಲ್ಲಿ ಸಿಕ್ಕಿದ್ದು ಒಂದೇ, 'ವಾಲನ್'. ಅಂದರೆ ಹುಚ್ಚು. "ಅಮ್ಮಾ, ನಿನಗೆ ಹುಚ್ಚು ಹಿಡಿದಿದೆಯಾ ಅಂತ ಕೇಳ್ತಿದ್ದಾರೆ." ಆಕೆ ಎದ್ದು ಬಂದುಬಿಟ್ಟರು. ಎಂಟು ತಿಂಗಳು ಅತ್ತ ತಲೆ ಹಾಕಲಿಲ್ಲ. ಫೈಲಿನಲ್ಲಿ ಮಾತ್ರ 'ಅಂಥ ತೊಂದರೆ ಇಲ್ಲ ಎಂದಿದ್ದಾರೆ' ಅಂತ ಬರೆದಿತ್ತು.

ಹುಡುಗನ ತಪ್ಪೇನೂ ಇಲ್ಲ. ಅವನಿಗೆ ಮನೆಯ ಸೊಮಾಲಿ ಗೊತ್ತು. ಅನ್ನ, ಬಾಗಿಲು, ಮಲಗು, ಬೈಯಬೇಡ. ಮನಸ್ಸಿನ ಭಾರಕ್ಕೆ ದೊಡ್ಡವರ ಹತ್ತಿರ 'ಬೂಫಿಸ್' ಅಂತ ಬೇರೆ ಪದವಿದೆ. ಶಿಬಿರದಲ್ಲಿ ಕುಳಿತು ಹೊರದೇಶಕ್ಕೆ ಹಂಬಲಿಸಿ ಹಂಬಲಿಸಿ ಕೊರಗುವುದನ್ನೂ ಹಾಗೇ ಅನ್ನುತ್ತಾರೆ. ಮಿನಿಯಾಪೊಲಿಸ್‌ನಲ್ಲಿ ಹುಟ್ಟಿದ ಹುಡುಗನಿಗೆ ಅದು ಹೇಗೆ ಗೊತ್ತಾಗಬೇಕು? ನಮ್ಮ ಮನೆಯ ಮಕ್ಕಳನ್ನೇ ಕೂರಿಸಿ 'ಬಯಾಪ್ಸಿ'ಗೆ ಕನ್ನಡದಲ್ಲಿ ವಿವರಣೆ ಕೊಡು ಅನ್ನಿ, ನೋಡೋಣ. ಇನ್ನೊಬ್ಬ ಹುಡುಗಿ 'ನೆಗೆಟಿವ್' ಅಂದರೆ ಕೆಟ್ಟದ್ದು ಅಂದುಕೊಂಡು ತಾಯಿಯನ್ನು ಎರಡು ದಿನ ಅಳಿಸಿದ್ದಳು.

ಪದ ಸರಿಯಾಗಿ ಗೊತ್ತಿದ್ದರೂ ಕಷ್ಟವೇ. ಇದನ್ನೇ ಜನಕ್ಕೆ ಅರ್ಥ ಮಾಡಿಸಲು ನನಗೆ ಆಗುತ್ತಿಲ್ಲ. ತಾಯಿ ಮಗನ ಎದುರು ಮುಟ್ಟಿನ ತೊಂದರೆ ಹೇಳುತ್ತಾಳಾ? ಗಂಡ ಹೊಡೆದದ್ದು ಹೇಳುತ್ತಾಳಾ? ಹೇಳುವುದಿಲ್ಲ. 'ತಲೆನೋವು' ಅನ್ನುತ್ತಾಳೆ. ಮಗು ತಲೆನೋವು ಅಂತಲೇ ಹೇಳುತ್ತದೆ. ಡಾಕ್ಟರು ತಲೆನೋವಿಗೆ ಮಾತ್ರೆ ಬರೆಯುತ್ತಾರೆ. ಅನುವಾದದಲ್ಲಿ ಒಂದಕ್ಷರ ತಪ್ಪಿಲ್ಲ, ಆದರೂ ಎಲ್ಲ ತಪ್ಪಾಯಿತು. ಇತ್ತ ಆ ಮಗು ಶಾಲೆ ತಪ್ಪಿಸಿ ಬಂದಿದೆ. ಮನೆಗೆ ಹೋದ ಮೇಲೆ ಕರೆಂಟು ಬಿಲ್ಲಿನ ವಿಷಯವೂ ಅದರದ್ದೇ, ಬಾಡಿಗೆಯ ನೋಟಿಸೂ ಅದರದ್ದೇ. ಹದಿನಾಲ್ಕಕ್ಕೆ ಮನೆಯ ಯಜಮಾನನಾದವನಿಗೆ ಹದಿನಾರಕ್ಕೆ ತಾಯಿ ಬುದ್ಧಿ ಹೇಳಿದರೆ ಕೇಳುತ್ತಾನಾ? ಆಮೇಲೆ ಸೊಮಾಲಿ ಹುಡುಗರು ದಾರಿ ತಪ್ಪುತ್ತಿದ್ದಾರೆ ಅಂತ ನಾವೇ ಸಭೆ ಮಾಡುತ್ತೇವೆ. ಬೇರೆ ಕಾರಣಗಳೂ ಇರುತ್ತವೆ, ಒಪ್ಪುತ್ತೇನೆ. ಇದೂ ಒಂದು.

ಇಷ್ಟು ಹೇಳಿದರೆ ಯಾರಾದರೂ ಸೊಮಾಲಿಯಾದಲ್ಲಿ ಹುಟ್ಟಿ ಇಲ್ಲಿ ರಾಜಕಾರಣಿಯಾದ ಇಲ್ಹಾನ್ ಒಮರ್ ಹೆಸರು ತೆಗೆಯುತ್ತಾರೆ. ಹೌದು, ಹುಡುಗಿಯಾಗಿದ್ದಾಗ ಆಕೆ ತಾತನಿಗೆ ದುಭಾಷಿಯಾಗಿ ಪಕ್ಷದ ಸಭೆಗೆ ಹೋಗುತ್ತಿದ್ದರು. 2018ರಲ್ಲಿ ಅಮೆರಿಕದ ಸಂಸತ್ತಿಗೇ ಆಯ್ಕೆಯಾದರು. ಸಂತೋಷ. ಆದರೆ ಸಭೆಯ ಭಾಷಣ ಬೇರೆ, ಆಸ್ಪತ್ರೆಯ ಕೋಣೆ ಬೇರೆ ಅಲ್ವಾ? ಅಂಗಡಿಯ ಬೋರ್ಡು, ಬಸ್ಸಿನ ನಂಬರು ಮಗು ಓದಿ ಹೇಳಲಿ, ಯಾರೂ ಬೇಡ ಅನ್ನುವುದಿಲ್ಲ.

ನಾನು ವಕೀಲೆಯಲ್ಲ, ಆದರೆ ಇಷ್ಟು ಹೇಳಬಲ್ಲೆ. ಕೇಂದ್ರ ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಭಾಷೆ ಬಾರದವರಿಗೆ ನೆರವು ಕೊಡಬೇಕು ಅನ್ನುವುದು 1964ರ ನಾಗರಿಕ ಹಕ್ಕು ಕಾಯಿದೆಯಿಂದಲೇ ಬಂದದ್ದು. ಆರೋಗ್ಯ ಸೇವೆಯ ವಿಷಯದಲ್ಲಿ 2016ರ ನಿಯಮ, ಜೀವಕ್ಕೆ ಅಪಾಯವಿರುವಂಥ ತುರ್ತು ಬಿಟ್ಟರೆ ಚಿಕ್ಕ ಮಕ್ಕಳನ್ನು ದುಭಾಷಿಯಾಗಿ ನೆಚ್ಚಿಕೊಳ್ಳಬೇಡಿ ಅಂತ ಸ್ಪಷ್ಟವಾಗಿ ಹೇಳಿತು. ರೋಗಿ ದುಡ್ಡು ಕೊಡಬೇಕಾಗಿಲ್ಲ. ಫೋನಿನಲ್ಲೇ ದುಭಾಷಿ ಸಿಗುತ್ತಾರೆ. ಎಷ್ಟೋ ಸಲ ಫೋನೇ ಒಳ್ಳೆಯದು. ಎದುರಿಗೆ ಕೂರುವ ದುಭಾಷಿ ಇದೇ ಊರಿನ ಸೊಮಾಲಿಯಾದರೆ ನಾಳೆ ಮದುವೆ ಮನೆಯಲ್ಲಿ ಸಿಗುತ್ತಾರೆ. ಬೇರೆ ರಾಜ್ಯದ ದನಿಯ ಮುಂದೆ ಹೆಂಗಸರು ಜಾಸ್ತಿ ಬಾಯಿ ಬಿಡುತ್ತಾರೆ. ಒಂದು ಎಚ್ಚರಿಕೆ: ಕೆಲವರ ಮಾತು ಮಾಯ್, ದಕ್ಷಿಣ ಸೊಮಾಲಿಯಾ ಕಡೆಯ ಬೇರೆ ನುಡಿ. 'ಸೊಮಾಲಿ' ಅಂತಷ್ಟೇ ಬರೆದುಕೊಂಡು ಯಾರನ್ನೋ ಕರೆಸಿದರೆ ಅವರಿಗೆ ಸರಿಯಾಗಿ ಅರ್ಥವಾಗುವುದಿಲ್ಲ.

ಸೊಮಾಲಿಯಲ್ಲಿ ಕರಪತ್ರ ಅಚ್ಚು ಹಾಕಿಸಿದ್ದೇವಲ್ಲ ಅಂತ ಆಫೀಸಿನವರು ತೋರಿಸುತ್ತಾರೆ. ಆ ಭಾಷೆಗೆ ಅಧಿಕೃತ ಲಿಪಿ ಬಂದದ್ದೇ 1972ರಲ್ಲಿ. ಆಮೇಲೆ ಯುದ್ಧದಲ್ಲಿ ಶಾಲೆಗಳೇ ಹೋದವು. ನನ್ನ ತರಗತಿಯಲ್ಲಿ ಬಹಳ ಮಂದಿಗೆ ತಮ್ಮ ಭಾಷೆಯನ್ನೂ ಓದಲು ಬಾರದು. ಅದೇ ವಿಷಯವನ್ನು ವಾಟ್ಸ್ಆ್ಯಪ್‌ನಲ್ಲಿ ದನಿಯಾಗಿ ಕಳಿಸಿ, ಸಂಜೆಯೊಳಗೆ ಇಡೀ ಕಟ್ಟಡಕ್ಕೆ ಮುಟ್ಟುತ್ತದೆ.

ಓದು ಬಾರದು ಅಂದ ತಕ್ಷಣ 'ಪಾಪ' ಅನ್ನಬೇಡಿ. ಇವರೆಲ್ಲ ಅಯೂಟೊ ನಡೆಸುವವರು. ತಿಂಗಳು ತಿಂಗಳು ಎಲ್ಲರೂ ದುಡ್ಡು ಹಾಕಿ, ಸರದಿಯಲ್ಲಿ ಒಬ್ಬರು ಎತ್ತಿಕೊಳ್ಳುವುದು. ನಮ್ಮ ಚೀಟಿಯೇ, ಹರಾಜು ಇಲ್ಲ, ಬಡ್ಡಿ ಇಲ್ಲ. ಲೆಕ್ಕವೆಲ್ಲ ತಲೆಯಲ್ಲಿ.

ಹಾಗಾಗಿ ನನ್ನ ಮೊದಲ ಪಾಠ 'ಮೈ ನೇಮ್ ಈಸ್' ಅಲ್ಲ. 'ಇಂಟರ್‌ಪ್ರಿಟರ್ ಪ್ಲೀಸ್. ಸೊಮಾಲಿ.' ಇದನ್ನು ಕೌಂಟರಿನಲ್ಲಿ ನಿಂತ ಹಾಗೆ ನಿಂತು ಗಟ್ಟಿಯಾಗಿ ಹೇಳಿಸುತ್ತೇನೆ. ಕೌಂಟರಿನವಳಾಗಿ ನಾನು ಮುಖ ಗಂಟು ಹಾಕಿಕೊಂಡು 'ಮಗ ಬಂದಿಲ್ವಾ?' ಅಂತ ಕೇಳುತ್ತೇನೆ. ಅವರು ಅದನ್ನೇ ಮತ್ತೆ ಹೇಳಬೇಕು. ನಗು ತಡೆಯಲು ಆಗುವುದಿಲ್ಲ ಅವರಿಗೆ.

ಹೋದ ತಿಂಗಳು ಒಬ್ಬರ ಜೊತೆ ಕ್ಲಿನಿಕ್ಕಿಗೆ ಹೋಗಿದ್ದೆ. ಸಕ್ಕರೆ ಕಾಯಿಲೆ ಇರಬಹುದು ಅಂತ ಅನುಮಾನ. ಆಕೆ ಎರಡು ಸಲ 'ಇಂಟರ್‌ಪ್ರಿಟರ್ ಪ್ಲೀಸ್' ಎಂದ ಮೇಲೆ ಫೋನು ಜೋಡಿಸಿದರು. ಹದಿಮೂರರ ಮಗಳನ್ನು ಹೊರಗೆ ನನ್ನ ಪಕ್ಕ ಕೂರಿಸಿದರು. ಅವಳಿಗೆ ಸಿಟ್ಟು. "ನನಗೆ ಎಲ್ಲಾ ಬರುತ್ತೆ" ಅಂತ ಗೊಣಗುತ್ತಾ ಕೂತಳು. ಒಳಗೆ ಮುಕ್ಕಾಲು ಗಂಟೆ ಹಿಡಿಯಿತು. ತಾಯಿ ಹೊರಬಂದ ಕೂಡಲೇ ಹುಡುಗಿ ಸೊಮಾಲಿಯಲ್ಲಿ ಏನೋ ಕೇಳಿದಳು. ಏನು ಹೇಳಿದರು ಅಂತ ಇರಬೇಕು. ತಾಯಿ ಅವಳ ಸ್ಕಾರ್ಫ್ ಸರಿ ಮಾಡುತ್ತಾ "ಹೋಯೊ" ಎಂದರು. ಹೋಯೊ ಅಂದರೆ ಅಮ್ಮ. ನಾವು ಮಗಳನ್ನು 'ಬಾರಮ್ಮಾ' ಅನ್ನುವ ಹಾಗೆ ಅವರೂ ಮಕ್ಕಳನ್ನು ಅದೇ ಮಾತಿನಿಂದ ಕರೆಯುತ್ತಾರೆ. ಆಮೇಲೆ ಹೇಳಿದ್ದನ್ನು ಹುಡುಗಿಯೇ ನನಗೆ ಮೂತಿ ಉಬ್ಬಿಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು: "ನಿನಗ್ಯಾಕೆ ಅದೆಲ್ಲ, ಹೋಂವರ್ಕ್ ಆಯ್ತಾ ಅಂತಾಳೆ."